ಹಾಸಿಗೆ ತುಂಬಿಸಿದ ಡ್ರೈವರ್ ಮಾವ

ಮಾವ ಸಿಟಿ ಬಸ್ ಓಡಿಸುತ್ತಾರೆ. ಅವರು ಅಮ್ಮನ ಅಣ್ಣ. ಅವರು ಬ್ರೇಕ್ ಹಾಕಿದರೆ ನಿಂತಿರುವ ಅಜ್ಜಿಯ ಕೈಚೀಲವೂ ಅಲ್ಲಾಡುವುದಿಲ್ಲ ಎಂದು ಕಂಡಕ್ಟರುಗಳು ಹೇಳುತ್ತಾರೆ. ಅದಕ್ಕೇ ಡಿಪೋದಲ್ಲಿ ಅವರಿಗೆ ನಿಧಾನಪ್ಪ ಎಂದು ಹೆಸರು ಬಿದ್ದಿದೆ. ಊಟಕ್ಕೆ ಕುಳಿತಾಗಲೂ ಅವರ ಬಲಗಾಲು ಮೇಜಿನ ಕೆಳಗೆ ಸ್ವಲ್ಪ ಮುಂದಕ್ಕೆ ಚಾಚಿಕೊಂಡಿರುತ್ತದೆ. "ನಮ್ಮನೆ ಮೇಜಿಗೂ ಬ್ರೇಕ್ ಇದೆ, ಹುಷಾರು" ಎಂದು ಅತ್ತೆ ಬಂದವರಿಗೆ ಹೇಳುತ್ತಾರೆ.

ಕಾಲೇಜು ಓದುವಾಗ ನಾನು ಅವರ ಮನೆಯಲ್ಲಿದ್ದೆ. ಕನ್ನಡಿ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗೆ ಗಾಜು ಕತ್ತರಿಸುವ ಸದ್ದು ಕೇಳಿದರೆ ಬೆಳಗಾಯಿತೆಂದು ಲೆಕ್ಕ; ಅಷ್ಟು ಹೊತ್ತಿಗೆ ಮಾವ ಮೊದಲ ಸುತ್ತು ಮುಗಿಸಿರುತ್ತಿದ್ದರು. ಅತ್ತೆಯ ಹೊಲಿಗೆ ಅಂಗಡಿ ಅದೇ ಕಟ್ಟಡದ ಮೆಟ್ಟಿಲ ಕೆಳಗಿತ್ತು. ಹೊಸ ಬಟ್ಟೆ ಹೊಲಿಯುವ ಅಂಗಡಿಯಲ್ಲ. ಕಿತ್ತುಹೋದ ಜಿಪ್ಪು, ಉದ್ದವಾದ ಪ್ಯಾಂಟು, ದಪ್ಪಗಾದವರ ಕೋಟು, ಇವೆಲ್ಲ ಅಲ್ಲಿಗೆ ಬರುತ್ತಿದ್ದವು. "ಅಳತೆ ತಗೊಳ್ಳೋದು ಸುಲಭ. ಮನುಷ್ಯ ಬದಲಾದ ಮೇಲೆ ಹಳೇ ಬಟ್ಟೇನ ಅವನಿಗೆ ಹೊಂದಿಸೋದೇ ಕಷ್ಟ" ಎನ್ನುತ್ತಿದ್ದರು ಅತ್ತೆ. ಅವರು ಮಾವನ ಬಗ್ಗೆ ಹೇಳುತ್ತಿದ್ದಾರೋ ಪ್ಯಾಂಟಿನ ಬಗ್ಗೆ ಹೇಳುತ್ತಿದ್ದಾರೋ ನನಗೆ ತಿಳಿಯುತ್ತಿರಲಿಲ್ಲ.

ಮಾವ ಕುಡಿಯುತ್ತಿದ್ದ ಕಾಲವನ್ನು ನಾನು ಕಂಡಿಲ್ಲ. ಆ ಮನೆಯಲ್ಲಿ ಅದನ್ನು ಮುಚ್ಚಿಡುತ್ತಿರಲಿಲ್ಲವಾದ್ದರಿಂದ ಕೇಳಿ ಗೊತ್ತು. ಅವರ ಡ್ಯೂಟಿ ಎರಡು ಹೋಳಿನದು. ಬೆಳಿಗ್ಗೆ ಆಫೀಸಿಗೆ ಹೋಗುವವರನ್ನು ಇಳಿಸಿ ಡಿಪೋಗೆ ಬಂದರೆ, ಅದೇ ಜನ ಸಂಜೆ ಮನೆಗೆ ಹೊರಡುವವರೆಗೆ ಬಸ್ಸಿಗೂ ಕೆಲಸವಿಲ್ಲ, ಡ್ರೈವರಿಗೂ ಕೆಲಸವಿಲ್ಲ. ಮನೆಗೆ ಹೋಗಿ ಬರಲು ಹೊತ್ತು ಸಾಲದು. ವಿಶ್ರಾಂತಿ ಕೋಣೆಯಲ್ಲಿ ರೆಕ್ಸಿನ್ ಹರಿದ ಬೆಂಚುಗಳು, ಇಬ್ಬರು ರಾಜರು ಕಳೆದುಹೋದ ಇಸ್ಪೀಟು ಕಟ್ಟು, ಒಂದೇ ಕಡೆಗೆ ಗಾಳಿ ಹಾಕುವ ಫ್ಯಾನು. ಆ ಮಧ್ಯಾಹ್ನಗಳಲ್ಲಿ ಮಾವ ಕುಡಿಯಲಿಲ್ಲ. ಸಂಜೆಯ ಡ್ಯೂಟಿ ಮುಗಿದ ಮೇಲೆ ಕುಡಿಯುವುದನ್ನು ನೆನೆಯುತ್ತಾ ಕುಳಿತರು. ಅಷ್ಟೇ ಸಾಕಾಯಿತು. ವರ್ಷಗಳು ಕಳೆದಂತೆ ಸಂಜೆ ದೊಡ್ಡದಾಗುತ್ತಾ ಹೋಯಿತು. ಒಂದು ಬೆಳಿಗ್ಗೆ ಡಿಪೋದ ಬಾಗಿಲಲ್ಲಿ ಡ್ರೈವರುಗಳು ಊದಿ ತೋರಿಸಬೇಕಾದ ಯಂತ್ರ ಮಾವನ ಉಸಿರಿಗೆ ಕೂಗಿಕೊಂಡಿತು. ಅವರನ್ನು ಸ್ಟಿಯರಿಂಗಿನಿಂದ ಇಳಿಸಿ ಬಸ್ ತೊಳೆಯುವ ಅಂಗಳಕ್ಕೆ ಹಾಕಿದರು. ತಾನು ಓಡಿಸುತ್ತಿದ್ದ ಬಸ್ಸನ್ನೇ ಪೈಪು ಹಿಡಿದು ತೊಳೆಯುವ ಕೆಲಸ.

ಡಿಪೋದ ದೊಡ್ಡವರೊಬ್ಬರು ಅವರನ್ನು ವ್ಯಸನಮುಕ್ತಿ ಕೇಂದ್ರಕ್ಕೆ ಕಳಿಸಿದರು. ಸರ್ಕಾರದ ಹಣದಲ್ಲಿ ನಡೆಯುವ ಜಾಗ. ಹಿಂದೆ ಅದು ಅಂಚೆ ಚೀಲಗಳ ಗೋದಾಮಾಗಿತ್ತು. ಚೀಲ ತೂಗುಹಾಕುತ್ತಿದ್ದ ಕೊಕ್ಕೆಗಳು ಗೋಡೆಯ ಮೇಲೆ ಈಗಲೂ ಇವೆ, ಅವಕ್ಕೆ ಟವೆಲ್ಲು ಹಾಕುತ್ತಾರೆ. ಉದ್ದನೆಯ ಕೋಣೆ, ಎರಡೂ ಪಕ್ಕದಲ್ಲಿ ಕಬ್ಬಿಣದ ಮಂಚಗಳು, ಎತ್ತರದಲ್ಲಿ ಕಿಟಕಿಗಳು. ಆಪ್ತಸಮಾಲೋಚಕಿ ಒಬ್ಬರು, ಅವರನ್ನು ತಾತಂದಿರೂ ಅಕ್ಕ ಎಂದೇ ಕರೆಯುತ್ತಾರೆ. ಸಿಸ್ಟರ್ ಒಬ್ಬರು. ವಾರಕ್ಕೆರಡು ಸಲ ಬರುವ ಡಾಕ್ಟರು.

ಮೊದಲ ಸಲ ಮಾವ ಅಲ್ಲಿಂದ ಹೊಸಬರಾಗಿ ಬಂದರು, ಮನೆಯವರೆಲ್ಲ ನಿಟ್ಟುಸಿರು ಬಿಡುವಷ್ಟರಲ್ಲಿ ಮತ್ತೆ ಬಿದ್ದರು. ಎರಡನೆಯ ಸಲ ಹೋಗಲು ನಾಚಿಕೆ. ಕೇಂದ್ರದ ಗೇಟಿನ ಹೊರಗೆ ಗೋಡೆಗೆ ಒರಗಿ ನಿಂತಿದ್ದವರನ್ನು ಸಿಸ್ಟರ್ ನೋಡಿದರು.

"ಇನ್ನೊಂದು ಚಪ್ಪಲಿ ಎಲ್ಲಿ?" ಎಂದರಂತೆ.

ಮಾವ ಕೆಳಗೆ ನೋಡಿಕೊಂಡರು. ಒಂದೇ ಕಾಲಿಗೆ ಚಪ್ಪಲಿ ಇತ್ತು.

"ಬನ್ನಿ, ಕಾಲು ತೊಳೀರಿ. ಕಲ್ಲು ಚುಚ್ಚಿದೆ."

ಅದನ್ನು ಮಾವ ಇವತ್ತಿಗೂ ಹೇಳುತ್ತಾರೆ. "ಯಾಕೆ ಅಂತ ಕೇಳಿದ್ರೆ ವಾಪಸ್ ಹೊರಟುಹೋಗ್ತಿದ್ದೆ ಕಣಮ್ಮ. ಯಾಕೆ ಅಂತ ನಂಗೇ ಗೊತ್ತಿರ್ಲಿಲ್ಲ. ಚಪ್ಪಲಿ ಕೇಳಿದ್ರು. ಅದಕ್ಕಾದ್ರೆ ಉತ್ತರ ಹೇಳ್ಬಹುದಿತ್ತು."

ಮೂರನೆಯ ಸಲಕ್ಕೆ ನಿಂತಿತು. ಹೇಗೆ ನಿಂತಿತೆಂದು ಯಾರೂ ಬಿಡಿಸಿ ಹೇಳಲಾರರು. ಔಷಧಿ, ಅಕ್ಕನ ಮಾತು, ಅತ್ತೆಯ ಬೈಗುಳ, ಸಾಲಿನ ಕೊನೆಯ ಮಂಚದಲ್ಲಿ ಮಲಗಿದ್ದವರೊಬ್ಬರ ಗೊರಕೆ, ಎಲ್ಲ ಸೇರಿ ಇರಬೇಕು. ಬಸ್ ಮತ್ತೆ ಕೈಗೆ ಬಂತು. ಕೇಂದ್ರದಲ್ಲಿ ಒಂದು ರೂಢಿ ಇದೆ: ವಾಸಿಯಾದವರು ಪ್ರತಿ ಗುರುವಾರ ಮಧ್ಯಾಹ್ನ ಬಂದು ಅಂಗಳದಲ್ಲಿ ಹೊಸಬರ ಜೊತೆ ಕೂರುವುದು. ಮಾವನಿಗೆ ಆ ಹೊತ್ತು ಹೇಳಿ ಮಾಡಿಸಿದ ಹಾಗಿತ್ತು. ಬೆಂಚಿನ ಮೇಲೆ ಕುಳಿತು ಸಂಜೆಗಾಗಿ ಕಾಯುತ್ತಿದ್ದ ಮಧ್ಯಾಹ್ನಗಳಲ್ಲಿ ಒಂದಾದರೂ ಹೀಗೆ ತುಂಬಿತು. ಅಕ್ಕ ಶಾಲೆಗಳಿಗೆ ಹೋಗುವಾಗ ಮಾವನನ್ನೂ ಕರೆದುಕೊಂಡು ಹೋಗತೊಡಗಿದರು. ಮಕ್ಕಳು ಶುರು ಮಾಡದಂತೆ ಮೊದಲೇ ತಿಳಿಹೇಳುವ ಕಾರ್ಯಕ್ರಮ ಅದು, ಅದಕ್ಕೂ ಸರ್ಕಾರವೇ ಹಣ ಕೊಡುತ್ತದೆ. ಮೊದಲ ದಿನ ಮಾವ ಬಾಟಲಿಯ ಬಣ್ಣ, ಗಂಟಲಲ್ಲಿ ಇಳಿಯುವ ಬಿಸಿ ಎಲ್ಲವನ್ನೂ ಎಷ್ಟು ಚೆನ್ನಾಗಿ ವರ್ಣಿಸಿದರೆಂದರೆ ಹೆಡ್‌ಮಾಸ್ತರು ಎದ್ದು ಕೆಮ್ಮಬೇಕಾಯಿತು. ಆಮೇಲೆ ಅಕ್ಕ ಹೇಳಿಕೊಟ್ಟಂತೆ ಅವರು ಖಾಲಿ ಮಧ್ಯಾಹ್ನದ ಕಥೆ ಮಾತ್ರ ಹೇಳುತ್ತಾರೆ. ಮಕ್ಕಳು ಅದನ್ನು ಸದ್ದಿಲ್ಲದೆ ಕೇಳುತ್ತಾರಂತೆ.

ನಾನು ಕೊನೆಯ ವರ್ಷದಲ್ಲಿದ್ದಾಗ ಒಂದು ಗುರುವಾರ ಅಂಗಳಕ್ಕೆ ಸುದ್ದಿ ಬಂತು. ಸರ್ಕಾರ ಕೊಡುವ ಹಣ ಮುಂದುವರಿಯಬೇಕೋ ಬೇಡವೋ ಎಂದು ನೋಡಲು ಮೌಲ್ಯಮಾಪನದವರು ಬರುತ್ತಾರೆ. ಬೇಡವೆಂದರೆ ಕೇಂದ್ರ ಮುಚ್ಚಿ, ರೋಗಿಗಳನ್ನು ಪಟ್ಟಣದ ಆ ತುದಿಯ ದೊಡ್ಡಾಸ್ಪತ್ರೆಯ ಒಂದು ಮೂಲೆಗೆ ಸೇರಿಸುತ್ತಾರೆ. ಸುದ್ದಿ ತಂದವರು ನಲ್ಲಿ ತಾತ. ಅವರು ಊರಿಗೆಲ್ಲ ನಲ್ಲಿ ರಿಪೇರಿ ಮಾಡುವವರು, ಮಾವನಿಗಿಂತ ಹಳೆಯ ರೋಗಿ, ಈಗ ವಾಸಿಯಾದವರ ಹಿರಿಯ.

"ಹಾಸಿಗೆ ಅರ್ಧಕ್ಕರ್ಧ ಖಾಲಿ ಬಿದ್ದಿದ್ದಾವೆ. ಇದನ್ನ ನೋಡಿದ್ರೆ ಮುಚ್ಚದೆ ಇರ್ತಾರಾ?" ಎಂದರು ತಾತ.

ಹಾಸಿಗೆಗಳು ಖಾಲಿ ಇದ್ದದ್ದು ನಿಜ. ಆ ತಿಂಗಳು ಬಂದವರು ಕಡಿಮೆ.

ಮಾವ ಯೋಚಿಸಿದರು. ಅವರಿಗೆ ಗೊತ್ತಿದ್ದದ್ದು ಬಸ್ಸಿನ ಲೋಕ. ಬಸ್ಸಿನ ಲೋಕದಲ್ಲೂ ಹೀಗೇ ಒಮ್ಮೊಮ್ಮೆ ಎಣಿಸುವವರು ಬಂದು ಕೂರುತ್ತಾರೆ. ಬಸ್ ಖಾಲಿ ಓಡಿದರೆ ಆ ರೂಟು ರದ್ದು. ಹಿಂದೆ ಬೆಟ್ಟದ ತಪ್ಪಲಿನ ಬಡಾವಣೆಯ ರೂಟಿಗೆ ಎಣಿಸುವವರು ಬಂದಾಗ ಮಾವ, ಕಂಡಕ್ಟರು ಸೇರಿ ಬಡಾವಣೆಯವರನ್ನೆಲ್ಲ ಹೊರಡಿಸಿ ದಿನವಿಡೀ ಬಸ್ಸಿನಲ್ಲಿ ಹೋಗಿ ಬರುವಂತೆ ಮಾಡಿದ್ದರು. ರೂಟು ಉಳಿಯಿತು. ಅದು ಇವತ್ತಿಗೂ ಓಡುತ್ತಿದೆ.

"ಹತ್ತಿಸೋಣ" ಎಂದರು ಮಾವ.

"ಏನನ್ನ?"

"ಜನಾನ. ನಾವೇ ಮಲಗೋಣ. ಅವತ್ತು ಒಂದು ದಿನ. ಯಾರಾದ್ರೂ ಕೇಳಿದ್ರೆ ಖಾಯಂ ಬರ್ತೀವಿ ಅನ್ನಿ. ಖಾಯಂ ಜನ ಇದ್ದಾರೆ ಅಂತ ಗೊತ್ತಾದ್ರೆ ರೂಟು ನಿಲ್ಲಿಸೋದಿಲ್ಲ."

ಅಂಗಳದಲ್ಲಿದ್ದವರಿಗೆ ಅದು ತುಂಬ ಸರಿ ಎನಿಸಿತು. ಅಕ್ಕನಿಗೆ ಹೇಳುವುದು ಬೇಡ, ಅವರು ಒಪ್ಪುವುದಿಲ್ಲ ಎಂದೂ ತೀರ್ಮಾನವಾಯಿತು. ಆ ಜಾಗದ ಋಣ ತೀರಿಸಲು ಇಂಥದೊಂದು ದಿನ ಸಿಗಲಿ ಎಂದು ಅವರೆಲ್ಲ ಒಳಗೊಳಗೇ ಕಾಯುತ್ತಿದ್ದರು ಎಂದು ಕಾಣುತ್ತದೆ. ಇದೆಲ್ಲ ನನಗೂ ಅತ್ತೆಗೂ ತಿಳಿದದ್ದು ಆಮೇಲೆ.

ಮೌಲ್ಯಮಾಪನದವರು ಬರುವ ದಿನ ಮಾವನಿಗೆ ವಾರದ ರಜೆ. ನಾನು ಕಾಲೇಜಿಗೆ ಹೊರಡುತ್ತಿದ್ದೆ. ಅತ್ತೆ ಮೆಟ್ಟಿಲಲ್ಲಿ ನಿಂತಿದ್ದರು, ಕೈಯಲ್ಲಿ ಯಾರದೋ ಕೋಟು. ಅವರ ಮುಖದಲ್ಲಿ ರಕ್ತವಿರಲಿಲ್ಲ.

"ನಿಮ್ಮಾವ ಹೋದ್ರು" ಎಂದರು.

"ಎಲ್ಲಿಗೆ?"

"ಪೈಜಾಮ ತಗೊಂಡ್ರು. ಟವೆಲ್ಲು, ಬ್ರಷ್ಷು. ನೀಲಿ ಚೀಲ ತಗೊಂಡ್ರು. ನಾನು ಇಲ್ಲ ಅನ್ಕೊಂಡು ಸದ್ದು ಮಾಡದೆ ಇಳಿದುಹೋದ್ರು."

ಆ ನೀಲಿ ಚೀಲ ಕೇಂದ್ರಕ್ಕೆ ಸೇರುವಾಗ ಮಾತ್ರ ಹೊರಡುತ್ತದೆ ಎನ್ನುವುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಕಪಾಟಿನ ಮೇಲೆ ಇಷ್ಟು ವರ್ಷ ಧೂಳು ತಿನ್ನುತ್ತಿತ್ತು. ಬಿಸಾಡಿ ಎಂದರೆ ಅತ್ತೆ ಬೇಡವೆನ್ನುತ್ತಿದ್ದರು, ಇಟ್ಟುಕೊಳ್ಳಿ ಎಂದರೆ ಅದರ ಕಡೆ ನೋಡುತ್ತಿರಲಿಲ್ಲ.

ನಾವಿಬ್ಬರೂ ಹೊರಟೆವು. ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕುಳಿತರು. ಯಾರದೋ ಕೋಟು ಇನ್ನೂ ತೋಳಿನ ಮೇಲೇ ಇತ್ತು. ಒಮ್ಮೆ ಕಿಟಕಿಯ ಕಡೆ ತಿರುಗಿ, "ನಿನ್ನೆ ಸಾಯಂಕಾಲ ಚೆನ್ನಾಗೇ ಇದ್ರಲ್ಲ" ಎಂದರು. ನನಗಲ್ಲ, ಕಿಟಕಿಗೆ.

ಕೇಂದ್ರದ ಬಾಗಿಲಲ್ಲೇ ಸಿಸ್ಟರ್ ಸಿಕ್ಕರು. ಅತ್ತೆ ಬಾಯಿ ತೆರೆಯುವ ಮೊದಲೇ ಅವರು ಎರಡೂ ಕೈ ಎತ್ತಿ, "ಏನೂ ಆಗಿಲ್ಲ, ಏನೂ ಆಗಿಲ್ಲ ಅಮ್ಮ. ನಾಟಕ" ಎಂದರು. "ನಾನು ಯಾರ ಹೆಸರೂ ಬರ್ಕೊಳ್ಳಲ್ಲ ಅಂದ್ಬಿಟ್ಟೆ. ಆದ್ರೂ ಮಲಗಿದ್ದಾರೆ. ಎಬ್ಬಿಸೋಕೆ ಹೋದ್ರೆ ಕಣ್ಣು ಮುಚ್ಕೋತಾರೆ."

ಒಳಗೆ ಹೋದರೆ ಉದ್ದನೆಯ ಕೋಣೆ ತುಂಬಿಹೋಗಿತ್ತು. ಖಾಲಿ ಇದ್ದ ಮಂಚಗಳ ಮೇಲೆಲ್ಲ ಗುರುವಾರದ ಜನ, ಹೊದಿಕೆ ಗಲ್ಲದವರೆಗೆ. ಮೈಕೈ ತುಂಬಿಕೊಂಡ, ಬೆಳಿಗ್ಗೆ ಕ್ಷೌರ ಮಾಡಿಕೊಂಡ ರೋಗಿಗಳು. ಮಾವ ಬಾಗಿಲ ಪಕ್ಕದ ಮಂಚದಲ್ಲಿದ್ದರು. ಅತ್ತೆ ಬಗ್ಗಿ ಅವರ ಬಾಯಿಯ ಹತ್ತಿರ ಮೂಗು ತಂದರು. ಪೇಸ್ಟಿನ ವಾಸನೆ. ನೆಟ್ಟಗೆ ನಿಂತರು.

"ನನ್ನ ಅರ್ಧ ಆಯಸ್ಸು ತಿಂದ್ರಿ" ಎಂದರು ಮೆಲ್ಲಗೆ. "ಮನೆಗೆ ಬನ್ನಿ, ನಿಮ್ಮದರಲ್ಲಿ ಅರ್ಧ ನಾನು ತಿಂತೀನಿ."

"ಶ್, ಬಂದ್ರು" ಎಂದರು ಮಾವ, ಮತ್ತು ಕಣ್ಣು ಮುಚ್ಚಿದರು.

ಅಕ್ಕನ ಜೊತೆ ಇಬ್ಬರು ಬಂದರು. ಒಬ್ಬರು ಕೊರಳ ಸರಕ್ಕೆ ಕನ್ನಡಕ ಕಟ್ಟಿಕೊಂಡ, ನಡುವಯಸ್ಸು ದಾಟಿದ ಮೇಡಂ. ಇನ್ನೊಬ್ಬ ಅವರ ಸಹಾಯಕ. ಬಾಗಿಲಲ್ಲೇ ಅಕ್ಕ ನಿಂತುಬಿಟ್ಟರು. ಒಂದು ಮಂಚದಿಂದ ಇನ್ನೊಂದಕ್ಕೆ ಅವರ ಕಣ್ಣು ಹೋಗುವುದನ್ನು ನಾನು ನೋಡಿದೆ. ವಾಸಿ ಮಾಡಿ ಕಳಿಸಿದವರೆಲ್ಲ ಒಂದೇ ಸಲ ವಾಪಸು ಮಲಗಿರುವುದನ್ನು ಕಂಡರೆ ಯಾರಿಗಾದರೂ ಎದೆ ಒಡೆದುಹೋಗುತ್ತದೆ. ನಲ್ಲಿ ತಾತ ಅವರಿಗೆ ಧೈರ್ಯ ಹೇಳುವಂತೆ ಒಂದು ಕಣ್ಣು ಮಿಟುಕಿಸಿದರು. ಆಗ ಅಕ್ಕನಿಗೆ ಎಲ್ಲ ಅರ್ಥವಾಗಿರಬೇಕು; ಕೈಯಲ್ಲಿದ್ದ ಪೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಹಾಸಿಗೆ ಅರ್ಧ ಖಾಲಿ ಇದೆ ಅಂದಿದ್ರಿ" ಎಂದರು ಮೇಡಂ.

"ನಿನ್ನೆವರೆಗೆ ಹಾಗೇ ಇತ್ತು" ಎಂದರು ಅಕ್ಕ. ಅವರ ದನಿ ಸಣ್ಣದಾಗಿತ್ತು.

ಮೇಡಂ ತಾತನ ಮಂಚದ ಹತ್ತಿರ ಹೋದರು. "ಯಜಮಾನ್ರೇ, ಇಲ್ಲಿಗೆ ಬಂದಿದ್ದು ಇದೇ ಮೊದಲಾ?"

"ಛೆ ಛೆ" ಎಂದರು ತಾತ, ಅವಮಾನವಾದವರ ಹಾಗೆ. "ನಾನು ಹಳಬ ಮೇಡಂ. ಎಷ್ಟು ಸಲ ಬಂದಿದೀನಿ ಅಂತ ನಂಗೇ ಲೆಕ್ಕ ಇಲ್ಲ. ಖಾಯಂ."

"ನೀವು?"

"ನಾನೂ ಖಾಯಮ್ಮೇ" ಎಂದಿತು ಪಕ್ಕದ ಹೊದಿಕೆ.

"ನಾವೆಲ್ಲ ಬರ್ತಾನೇ ಇರ್ತೀವಿ" ಎಂದಿತು ಎದುರಿನ ಸಾಲು. "ಬಿಡೋದೇ ಇಲ್ಲ."

ಸಹಾಯಕ ಒಬ್ಬೊಬ್ಬರದನ್ನೂ ಗುರುತು ಹಾಕಿಕೊಂಡ. ಮೇಡಂ ಕೋಣೆಯ ನಡುವೆ ನಿಂತು ಎರಡೂ ಸಾಲು ನೋಡಿದರು. ಆಮೇಲೆ, ಮೋಡವಾಗಿದೆ ಎನ್ನುವಷ್ಟು ಸಹಜವಾಗಿ, ಬೇಸರದಿಂದ ಅಂದರು: "ಅಂದ್ರೆ ಇಲ್ಲಿ ವಾಸಿ ಆದವರು ಯಾರೂ ಇಲ್ಲ."

ಮಾವನ ಕಣ್ಣು ತೆರೆಯಿತು. ಬಸ್ಸು ಬೇರೆ, ಆಸ್ಪತ್ರೆ ಬೇರೆ ಎನ್ನುವುದು ಅವರಿಗೆ ಹೊಳೆದದ್ದು ಆ ಗಳಿಗೆಯಲ್ಲಿ. ಅದೇ ಜನ ಮತ್ತೆ ಮತ್ತೆ ಹತ್ತಿದರೆ ರೂಟು ಉಳಿಯುತ್ತದೆ. ಅದೇ ಜನ ಮತ್ತೆ ಮತ್ತೆ ಮಲಗಿದರೆ ಕೇಂದ್ರ ಮುಚ್ಚುತ್ತದೆ. ತನಗೆ ಸ್ಟಿಯರಿಂಗ್ ವಾಪಸು ಕೊಟ್ಟ ಜಾಗವನ್ನು ತಾನೇ ಕೈಯಾರೆ ಮುಚ್ಚಿಸುತ್ತಿದ್ದೇನೆ ಎಂದು ಅವರ ಮುಖದಲ್ಲಿ ಬರೆದಿತ್ತು. ಎದ್ದು ಹೇಳಿದರೆ ಮೋಸ ಮಾಡಿದ ಕೇಂದ್ರ ಎನ್ನುತ್ತಾರೆ, ಮಲಗಿದ್ದರೆ ಕೆಲಸಕ್ಕೆ ಬಾರದ ಕೇಂದ್ರ ಎನ್ನುತ್ತಾರೆ. ಅವರು ಹೊದಿಕೆಯ ಅಂಚು ಹಿಡಿದು ಹಾಗೇ ಉಳಿದರು.

ಆ ಕೋಣೆಯಲ್ಲಿ ನಿಜವಾದ ರೋಗಿಗಳೂ ಇದ್ದರು. ಕಿಟಕಿಯ ಕೆಳಗಿನ ಮಂಚದಲ್ಲಿ ಹಣ್ಣಿನ ಗಾಡಿಯವರೊಬ್ಬರು. ಬಂದು ಕೆಲವೇ ದಿನವಾಗಿತ್ತು. ಮೈ ಬೆವರುತ್ತಿತ್ತು, ನೀರಿನ ಲೋಟವನ್ನು ಎರಡು ಕೈಯಲ್ಲಿ ಹಿಡಿದರೂ ಅಂಚು ಹಲ್ಲಿಗೆ ತಾಗಿ ಸದ್ದಾಗುತ್ತಿತ್ತು. ಅವರು ಮೇಡಂ ಮಾತು ಕೇಳಿದರು. ಲೋಟ ಕೆಳಗಿಟ್ಟು, ಮಂಚದ ಅಡಿಯಿಂದ ತಮ್ಮ ಬಟ್ಟೆಯ ಗಂಟು ಎಳೆದುಕೊಂಡು, ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದರು. ಗುಂಡಿ ಕೈಗೆ ಸಿಗುತ್ತಿರಲಿಲ್ಲ.

"ಎಲ್ಲಿಗೆ ಹೊರಟ್ರಿ?" ಎಂದರು ಸಿಸ್ಟರ್.

"ಮನೆಗೆ." ಅವರಿಗೆ ಸಿಟ್ಟೂ ಇರಲಿಲ್ಲ. "ಇವರೆಲ್ಲ ಇಷ್ಟು ಸಲ ಬಂದೂ ಇಲ್ಲೇ ಬಿದ್ದಿದ್ದಾರೆ. ನಾನ್ಯಾಕೆ ಸುಮ್ನೆ ಒದ್ದಾಡ್ಲಿ?"

ಮಾವ ಹೊದಿಕೆ ಎಸೆದು ಎದ್ದರು. ಅತ್ತೆ ಇಸ್ತ್ರಿ ಮಾಡಿದ್ದ ಪೈಜಾಮದ ಗೆರೆ ನೆಟ್ಟಗೆ ನಿಂತಿತ್ತು. ಮೇಡಂ ಕಡೆ ಹೋಗುತ್ತಾರೆಂದು ನಾನು ಅಂದುಕೊಂಡೆ. ಅವರು ಕಿಟಕಿಯ ಕೆಳಗಿನ ಮಂಚಕ್ಕೆ ಹೋದರು.

"ಹೋಗ್ಬೇಡಿ. ನಾನು ಸುಳ್ಳು ಮಲಗಿದ್ದೆ" ಎಂದರು.

ಹಣ್ಣಿನವರು ಗುಂಡಿ ಬಿಟ್ಟು ತಲೆ ಎತ್ತಿದರು.

"ನಂಗೆ ಕಾಯಿಲೆ ಇಲ್ಲ. ಇತ್ತು. ಇದೇ ಕೋಣೇಲಿ ಇದೇ ಥರ ನಡುಗಿದೀನಿ, ನಂಗೆ ಲೋಟ ಅಲ್ಲ, ಚಮಚಾನೂ ನಿಲ್ತಿರ್ಲಿಲ್ಲ. ನೋಡಿ ಇಲ್ಲಿ." ಮಾವ ಎರಡೂ ಕೈ ಮುಂದೆ ಚಾಚಿದರು. "ನಾನು ಬಸ್ ಓಡಿಸ್ತೀನಿ. ಮಾರ್ಕೆಟ್ ತಿರುವಲ್ಲಿ ನಿಮ್ಮ ಗಾಡಿಗಳೆಲ್ಲ ನಿಂತಿರ್ತಾವಲ್ಲ, ನಿನ್ನೆ ಸಾಯಂಕಾಲ ಅಲ್ಲೇ ತಿರುಗಿಸ್ದೆ. ದಿನಾ ಬೆಳಿಗ್ಗೆ ಯಂತ್ರಕ್ಕೆ ಊದ್ತೀನಿ. ವರ್ಷಗಳಾಯ್ತು, ಅದು ಬಾಯಿ ಬಿಟ್ಟಿಲ್ಲ."

"ಮತ್ತ್ಯಾಕೆ ಮಲಗಿದ್ರಿ?"

"ಹಾಸಿಗೆ ಖಾಲಿ ಇದ್ರೆ ಮುಚ್ತಾರೆ ಅಂದ್ರು. ಬಸ್ಸಿನ ಬುದ್ಧಿ. ತುಂಬಿಸೋಣ ಅಂದ್ಕೊಂಡೆ."

 ಹಣ್ಣಿನವರು ಸಾಲಿನತ್ತ ನೋಡಿ, "ತಾತ, ನೀವೂನಾ?" ಎಂದರು.

"ನಾನೂ ಸುಳ್ಳೇ ಕಣಪ್ಪ" ಎಂದರು ನಲ್ಲಿ ತಾತ, ಹೊದಿಕೆಯಿಂದ ಕಾಲು ಬಿಡಿಸಿಕೊಳ್ಳುತ್ತಾ. "ಒಬ್ಬರ ಮನೆ ಟ್ಯಾಂಕಿನ ನೀರು ನಿಲ್ಲಿಸಿ ಬಂದಿದೀನಿ. ಬೆಳಿಗ್ಗೆಯಿಂದ ಶಾಪ ಹಾಕ್ತಿರ್ತಾರೆ."

ಒಬ್ಬೊಬ್ಬರೇ ಎದ್ದರು. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದ ಮಕ್ಕಳ ಹಾಗೆ ಸಂಕೋಚದಿಂದ ಎದ್ದರು. ಚಾಪೆ ಅಂಗಡಿಯವರು, ಶಾಲೆಯ ಗಂಟೆ ಹೊಡೆಯುವವರು, ನಿವೃತ್ತ ಡ್ರಿಲ್ ಮಾಸ್ತರೊಬ್ಬರು. ಎಲ್ಲರೂ ಮಂಚಗಳ ಪಕ್ಕ ನಿಂತರು. ಹಣ್ಣಿನವರು ಆ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದರು, ಮತ್ತೊಮ್ಮೆ ನೋಡಿದರು. ಬಟ್ಟೆಯ ಗಂಟು ಅವರ ತೊಡೆಯ ಮೇಲಿಂದ ಜಾರಿ ನೆಲಕ್ಕೆ ಬಿತ್ತು. ಅದನ್ನು ಅವರು ಎತ್ತಿಕೊಳ್ಳಲಿಲ್ಲ.

ಆಮೇಲೆ ಮಾವ ಮೇಡಂ ಕಡೆ ತಿರುಗಿದರು. "ಅಕ್ಕನಿಗೆ ಏನೂ ಗೊತ್ತಿಲ್ಲ. ಸಿಸ್ಟರ್ ಬೇಡ ಅಂದ್ರು. ಹೇಳಿಕೊಟ್ಟಿದ್ದು ನಾನು. ಬರೆಯೋದಾದ್ರೆ ನನ್ನ ಮೇಲೆ ಬರೀರಿ."

"ಬರೀತೀನಿ" ಎಂದರು ಮೇಡಂ. "ಇದನ್ನ ಬಿಡೋಕಾಗಲ್ಲ." ಕನ್ನಡಕ ತೆಗೆದು ಸರಕ್ಕೆ ಇಳಿಬಿಟ್ಟರು. "ವಾರಗಟ್ಟಲೆ ಆಯ್ತು, ಇಲ್ಲಿಂದ ಹೋದವರಿಗೆ ಫೋನ್ ಮಾಡ್ತಾ ಇದೀವಿ. ಹೇಗಿದ್ದಾರೆ ಅಂತ ತಿಳ್ಕೊಳ್ಳೋಕೆ. ಒಬ್ರೂ ಎತ್ತಲ್ಲ."

"ಗೊತ್ತಿಲ್ಲದ ನಂಬರ್ ಎತ್ತಬಾರ್ದು ಅಂತ ಮಗಳು ಹೇಳಿದಾಳೆ" ಎಂದರು ತಾತ.

"ನೀವೇನಾ ಮಾಡ್ತಿದ್ದಿದ್ದು? ಯಾರೋ ಸಾಲ ಕೊಡೋರು ಅಂತ ಬೈದುಬಿಟ್ಟೆ" ಎಂದರು ಡ್ರಿಲ್ ಮಾಸ್ತರು.

ಸಹಾಯಕನ ಮುಖ ನೋಡಿದರೆ ಬೈಸಿಕೊಂಡವನು ಅವನೇ ಎಂದು ತಿಳಿಯುತ್ತಿತ್ತು. ಮೇಡಂ ನಗಲಿಲ್ಲ, ಆದರೆ ತುಟಿ ಒಂದು ಕ್ಷಣ ಒಳಗೆ ಹೋಯಿತು. "ಎಲ್ರೂ ಅಂಗಳಕ್ಕೆ ಬನ್ನಿ. ಒಬ್ಬೊಬ್ಬರ ಹತ್ರಾನೂ ಮಾತಾಡ್ಬೇಕು. ಮನೆಯವರು ಬಂದಿದ್ರೆ ಅವರೂ ಬರ್ಲಿ."

ಅತ್ತೆಯನ್ನೂ ಕೇಳಿದರು. ಚಿಕಿತ್ಸೆಯ ನಂತರ ಮನೆಯಲ್ಲಿ ಏನು ಬದಲಾಗಿದೆ?

"ಜಗಳ ಆಡ್ತಾರೆ" ಎಂದರು ಅತ್ತೆ.

ಸಹಾಯಕ ಪೆನ್ನು ಎತ್ತಿದ. "ಜಗಳ ಜಾಸ್ತಿ ಆಗಿದೆಯಾ?"

"ಹೂಂ. ಮೊದಲು ನಾನು ಏನಂದ್ರೂ ಹೂಂಗುಟ್ಟೋರು. ತಪ್ಪು ಮಾಡಿ ಬಂದೋರು ಹೂಂಗುಟ್ಟದೆ ಇನ್ನೇನ್ ಮಾಡ್ತಾರೆ? ಈಗ ಕಿಟಕಿ ಪರದೆ ಬಣ್ಣಕ್ಕೂ ಜಗಳ. ಹಸಿರು ಬೇಡವಂತೆ." ತೋಳಿನ ಮೇಲಿದ್ದ ಕೋಟನ್ನು ಅವರು ಸರಿಪಡಿಸಿಕೊಂಡರು. "ಮನೇಲಿ ಇನ್ನೊಬ್ರು ಇದಾರೆ ಅಂತ ಈಗ ಗೊತ್ತಾಗುತ್ತೆ."

"ಮೇಡಂ, ಇದನ್ನ ಯಾವುದರಲ್ಲಿ ಹಾಕ್ಲಿ?" ಎಂದು ಸಹಾಯಕ ಪಿಸುಗುಟ್ಟಿದ.

"ಸುಧಾರಣೆ" ಎಂದರು ಮೇಡಂ.

ಅಕ್ಕ ಅಷ್ಟು ಹೊತ್ತೂ ಕಂಬಕ್ಕೆ ಒರಗಿ ನಿಂತಿದ್ದರು. ಮಾವ ಹತ್ತಿರ ಹೋದಾಗ, "ಗುರುವಾರ ಬನ್ನಿ. ನಿಮ್ಮ ಹತ್ರ ಮಾತಾಡೋದಿದೆ" ಎಂದರು. ಆ ದನಿ ಕೇಳಿ ಮಾವ ಪೈಜಾಮದ ಜೇಬಿಗೆ ಕೈ ಹಾಕಿಕೊಂಡರು. ಆಮೇಲೆ ಅಕ್ಕನೇ ಒಳಗೆ ಹೋಗಿ ಎಲ್ಲರಿಗೂ ಚಹಾ ತಂದರು. ಅವರ ಕಣ್ಣು ಕೆಂಪಾಗಿತ್ತು.

ಹೊರಡುವಾಗ ಮೇಡಂ ಹೇಳಿದ ಮಾತು ನನಗೆ ನೆನಪಿದೆ. "ತಾವಾಗೇ ಬಂದವರನ್ನ ಕೇಳಿ ಬರೆದ್ರೆ ಅದು ಅರ್ಧ ಸತ್ಯ. ಬಾರದವರು ಎಲ್ಲಿದ್ದಾರೆ, ಹೇಗಿದ್ದಾರೆ, ಅದೂ ಬೇಕು." ಅದು ಬೈಗುಳವೂ ಆಗಿರಲಿಲ್ಲ, ಭರವಸೆಯೂ ಆಗಿರಲಿಲ್ಲ. ಆದರೆ ಗುರುವಾರದ ಜನ ಅದನ್ನು ಕೆಲಸವೆಂದು ತೆಗೆದುಕೊಂಡರು. ಹಳೆಯ ಒಡನಾಡಿಗಳನ್ನು ಹುಡುಕಿಕೊಂಡು ಹೊರಟರು, ಒಪ್ಪಿದವರನ್ನು ಮೇಡಂ ಜೊತೆ ಮಾತಾಡಿಸಿದರು. ಸಿಕ್ಕವರೆಲ್ಲ ಚೆನ್ನಾಗಿರಲಿಲ್ಲ. ಕೆಲವರು ಬಾಗಿಲು ತೆರೆಯಲಿಲ್ಲ. ಒಬ್ಬರು ತೀರಿಕೊಂಡಿದ್ದರು, ಅವರು ಸಾಲಿನ ಕೊನೆಯ ಮಂಚದಲ್ಲಿ ಗೊರಕೆ ಹೊಡೆಯುತ್ತಿದ್ದವರು. ಆ ದಿನ ಮಾವ ಊಟ ಮಾಡಲಿಲ್ಲ. ಇಬ್ಬರು ಮಾತ್ರ, ಹುಡುಕಿಕೊಂಡು ಬಂದವರನ್ನು ಕಂಡೇ ಅಂಗಿ ಹಾಕಿಕೊಂಡು ಜೊತೆಗೆ ಹೊರಟು ಬಂದರು. ಹೀಗೆ ಆ ಕೋಣೆಯ ಎರಡು ಹಾಸಿಗೆ ನಿಜವಾಗಿಯೂ ತುಂಬಿದವು. ಅವರಿಗೆ ಲೋಟ ಹಿಡಿದುಕೊಟ್ಟವರು ಹಣ್ಣಿನ ಗಾಡಿಯವರು.

ಕೇಂದ್ರದ ಗತಿ ಏನಾಗುತ್ತದೆಂದು ಮಾತ್ರ ಗೊತ್ತಾಗಲಿಲ್ಲ. ತಿಂಗಳುಗಳು ಹೋದವು. ಮಾವ ಅದರ ಮಾತು ಎತ್ತುತ್ತಿರಲಿಲ್ಲ. ಪರದೆಯ ಬಣ್ಣಕ್ಕೂ ಜಗಳವಾಡಲಿಲ್ಲ. "ಹಸಿರೇ ಹಾಕು" ಎಂದುಬಿಟ್ಟರು. ಅತ್ತೆಗೆ ಅದೇ ಭಯವಾಯಿತು.

ಒಂದು ದಿನ ಮಧ್ಯಾಹ್ನ ಕಳೆದ ಮೇಲೆ ಅಕ್ಕ ಅತ್ತೆಯ ಅಂಗಡಿಗೆ ಫೋನ್ ಮಾಡಿದರು. ಮಾವ ಸಂಜೆಯ ಡ್ಯೂಟಿಯಲ್ಲಿದ್ದರು, ಡ್ರೈವರು ಫೋನ್ ಎತ್ತುವಂತಿಲ್ಲ. ಅತ್ತೆ ಅಳತೆಯ ಟೇಪು ಕೊರಳಲ್ಲೇ ಹಾಕಿಕೊಂಡು ನಿಲ್ದಾಣಕ್ಕೆ ಹೋದರು. ಬೇರೆ ಬಸ್ಸುಗಳನ್ನು ಬಿಟ್ಟು ಮಾವನ ಬಸ್ ಬಂದಾಗ ಹತ್ತಿದರು. ಓಡುವ ಬಸ್ಸಿನಲ್ಲಿ ಡ್ರೈವರನ್ನು ಮಾತಾಡಿಸಬಾರದೆಂದು ಸೀಟಿನ ಮೇಲುಗಡೆಯೇ ಬರೆದಿದೆ. ಅತ್ತೆ ಮಾತಾಡಿಸಲಿಲ್ಲ. ಮಾವನ ಬೆನ್ನ ಹಿಂದಿನ ಕಂಬ ಹಿಡಿದು ನಿಂತರು. ಮಾವ ಕನ್ನಡಿಯಲ್ಲಿ ಒಮ್ಮೆ ನೋಡಿದರು, ಮತ್ತೆ ರಸ್ತೆ ನೋಡಿದರು. ನಿಲ್ದಾಣ ನಿಲ್ದಾಣದಲ್ಲೂ ಮೆತ್ತಗೆ ನಿಲ್ಲಿಸಿದರು, ಮೆತ್ತಗೆ ಎತ್ತಿದರು. ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದ ಮೇಲೆ ಎಂಜಿನ್ ಆರಿಸಿದರು.

"ಅಂಗಡಿಗೆ ಬೀಗ ಹಾಕಿದೀಯಾ?" ಎಂದರು, ಹಿಂದೆ ತಿರುಗದೆ.

"ಇಲ್ಲ. ಹಾಗೇ ಬಂದೆ. ವರದಿ ಬಂತಂತೆ."

ಮಾವ ಕನ್ನಡಿಯಲ್ಲಿ ಅತ್ತೆಯ ಮುಖ ನೋಡಿದರು.

"ಕೇಂದ್ರ ಮುಂದುವರೀಬೇಕು, ಹಳಬರನ್ನ ಗುರುವಾರ ಕೂರಿಸೋದನ್ನ ಬೇರೆ ಕಡೆಯೂ ಶುರು ಮಾಡ್ಬೇಕು ಅಂತ ಬರ್ದಿದಾರಂತೆ." ಅತ್ತೆ ಒಂದು ಉಸಿರು ತೆಗೆದುಕೊಂಡರು. "ಇನ್ನೊಂದು ಕಡೆ, ಆರೋಗ್ಯವಾಗಿ ಇರೋರು ಹಾಸಿಗೆ ಮೇಲೆ ಮಲಗದ ಹಾಗೆ ನೋಡ್ಕೋಬೇಕು ಅಂತಾನೂ ಬರ್ದಿದಾರಂತೆ."

ಮಾವನಿಗೆ ನಗು ಬಂತು. ನಗುತ್ತಲೇ ತಲೆ ಬಗ್ಗಿಸಿ ಸ್ಟಿಯರಿಂಗಿನ ಮೇಲೆ ಹಣೆ ಇಟ್ಟರು. ಹಣೆ ತಾಗಿ ಹಾರನ್ ಜೋರಾಗಿ ಕೂಗಿತು. ನಿಲ್ದಾಣದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹೊರಡುವ ಹೊತ್ತಾಯಿತೆಂದು ಕಂಡಕ್ಟರು ಚಹಾ ಅರ್ಧಕ್ಕೆ ಬಿಟ್ಟು ಓಡಿಬಂದರು.

"ಏನಾಯ್ತು ನಿಧಾನಪ್ಪ?"

"ಏನಿಲ್ಲ. ಒಳ್ಳೇದೇ" ಎಂದರು ಮಾವ. ಟವೆಲಿನಿಂದ ಮುಖ ಒರೆಸಿಕೊಂಡರು. ಬಾಗಿಲು ತೆರೆಯುವ ಗುಂಡಿ ಒತ್ತಿದರು. "ಜನಾನ ಹತ್ತಿಸ್ಕೊಳ್ಳಿ."

ಅತ್ತೆ ಇಳಿಯಲಿಲ್ಲ. ವಾಪಸಿಗೂ ಒಂದು ಟಿಕೆಟ್ ತೆಗೆದುಕೊಂಡು ಅವರ ಹಿಂದಿನ ಸೀಟಿನಲ್ಲಿ ಕುಳಿತರು.